ನೋಟಿಸಿನಿಂದ ಪಹಣಿವರೆಗೆ: ಸಾಹಿತ್ಯೇತರ ಬರಹಗಳ ಬಗೆ ಗುರುತಿಸಿ ಓದುವುದು ಹೇಗೆ?

ಸಾಹಿತ್ಯೇತರ ಬರಹಗಳ (ಕಥೆ, ಕವಿತೆ, ನಾಟಕ ಅಲ್ಲದ ಬರಹಗಳ) ಬಗೆ ಮತ್ತು ಲಕ್ಷಣ ಬರೆಯಿರಿ ಅಂದರೆ ವಿದ್ಯಾರ್ಥಿಗಳು ಪಟ್ಟಿ ಒಪ್ಪಿಸುತ್ತಾರೆ. ಪತ್ರ, ವರದಿ, ಜಾಹೀರಾತು, ಸುತ್ತೋಲೆ, ಕೈಪಿಡಿ. ಭಾಷೆ ಸರಳ, ನೇರ, ವಸ್ತುನಿಷ್ಠ ಅಂತ ಮೂರು ಪದ ಸೇರಿಸುತ್ತಾರೆ. ಅದೇ ಮಕ್ಕಳ ಕೈಗೆ ಒಂದು ನೋಟಿಸು ಕೊಟ್ಟು, "ಇದು ಯಾವ ಬಗೆ, ಹೇಗೆ ಗೊತ್ತಾಯಿತು?" ಅಂತ ಕೇಳಿ ನೋಡಿ. ಪೆನ್ನು ನಿಂತುಬಿಡುತ್ತದೆ.

ದೊಡ್ಡವರ ಪಾಡೂ ಅಷ್ಟೇ. ಕರಡು ಅಧಿಸೂಚನೆಯನ್ನು ಅಂತಿಮ ಆದೇಶ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಜಾಹೀರಾತನ್ನು ಸುದ್ದಿ ಅಂತ ನಂಬಿ ದುಡ್ಡು ಕಟ್ಟುವವರಿದ್ದಾರೆ. ಕ್ರಯಪತ್ರದ ಮೊದಲ ಪುಟ ಓದಿ ಕೊನೆಯ ಪುಟಕ್ಕೆ ಸಹಿ ಹಾಕುವವರಂತೂ ಜಾಸ್ತಿ. ಎಲ್ಲರೂ ಎಡವುವುದು ಒಂದೇ ಕಡೆ: ಯಾವ ಕಾಗದ ಸಿಕ್ಕಿದರೂ ಮೇಲಿನಿಂದ ಕೆಳಗೆ ಒಂದೇ ರೀತಿ ಓದುತ್ತಾರೆ.

ಒಂದೊಂದು ಬಗೆಯ ಬರಹದಲ್ಲಿ ಮುಖ್ಯ ವಿಷಯ ಒಂದೊಂದು ಕಡೆ ಕೂತಿರುತ್ತದೆ. ಸುದ್ದಿಯಲ್ಲಿ ಮೊದಲ ಪ್ಯಾರಾದಲ್ಲಿ, ಸರ್ಕಾರಿ ಆದೇಶದಲ್ಲಿ ಕೊನೆಯ ಹತ್ತಿರ, ಜಾಹೀರಾತಿನಲ್ಲಿ ಪುಟ್ಟ ನಕ್ಷತ್ರದ ಹಿಂದೆ, ಕ್ರಯಪತ್ರದಲ್ಲಿ ಷೆಡ್ಯೂಲಿನಲ್ಲಿ. ಬಗೆ ಗೊತ್ತಾದರೆ ಎಲ್ಲಿ ನೋಡಬೇಕು ಅನ್ನುವುದು ಗೊತ್ತಾಗುತ್ತದೆ. ಬಗೆ ಕಲಿಯುವುದು ಮುಖ್ಯವಾಗಿ ಇದಕ್ಕೇ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಹಾರಿಸಿದರೆ ಉಳಿದದ್ದೆಲ್ಲ ಸುಮ್ನೆ ಊಹೆ.

## ಶುರು ಮಾಡುವ ಮುನ್ನ ಬೇಕಾದವು

ಬರಹದ ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಿ. ಫೋನಿನ ಪರದೆಯಲ್ಲಿ ಪುಟದ ಆಕಾರ ಕಾಣುವುದಿಲ್ಲ, ಗುರುತು ಹಾಕುವುದೂ ಆಗುವುದಿಲ್ಲ. ಒಂದು ಪೆನ್ಸಿಲ್, ಒಂದು ಕೆಂಪು ಪೆನ್ನು, ಒಂದು ಕ್ಯಾಲೆಂಡರ್ ಸಾಕು. ಸಣ್ಣ ಅಕ್ಷರಕ್ಕೆ ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿಕೊಳ್ಳಿ.

ಅಭ್ಯಾಸಕ್ಕೆ ಮನೆಯಲ್ಲೇ ಸರಕು ಸಿಗುತ್ತದೆ. ಇವತ್ತಿನ ಪತ್ರಿಕೆ, ಒಂದು ಬಿಸ್ಕತ್ತಿನ ಪೊಟ್ಟಣ, ಮಾತ್ರೆಯ ಸ್ಟ್ರಿಪ್, ಬಾಡಿಗೆ ಕರಾರು, ಶಾಲೆಯಿಂದ ಬಂದ ಸುತ್ತೋಲೆ, ಊರಿನ ಜಮೀನಿನ ಪಹಣಿ (ಜಮೀನು ಯಾರದು, ಎಷ್ಟು ಅನ್ನುವ ಕಂದಾಯ ದಾಖಲೆ). ಈ ಆರರಲ್ಲಿ ಬಹುತೇಕ ಎಲ್ಲ ಬಗೆಯೂ ಬಂದುಬಿಡುತ್ತದೆ.

## ಹಂತ 1: ಓದಬೇಡಿ, ಮೊದಲು ನೋಡಿ

ಒಂದು ನಿಮಿಷ ಅಕ್ಷರಕ್ಕೆ ಹೋಗದೆ ಪುಟದ ಆಕಾರ ನೋಡಿ. ಮೇಲೆ ಲಾಂಛನ ಇದೆಯಾ? ಸಂಖ್ಯೆ, ದಿನಾಂಕ ಇವೆಯಾ? ಅಂಕಿ ಹಾಕಿದ ಷರತ್ತುಗಳಿವೆಯಾ, ಕಾಲಂಗಳಿವೆಯಾ? ಸಹಿ ಎಲ್ಲಿದೆ? ಅಡಿಯಲ್ಲಿ ಸಣ್ಣ ಅಕ್ಷರ ಇದೆಯಾ?

'ವಿಷಯ' ಮತ್ತು 'ಉಲ್ಲೇಖ' ಅಂತ ಎರಡು ಸಾಲಿದ್ದರೆ ಅದು ಕಚೇರಿ ಪತ್ರ ಅಥವಾ ಸುತ್ತೋಲೆ. 'ಓದಲಾಗಿದೆ', 'ಪ್ರಸ್ತಾವನೆ', 'ಆದೇಶ ಸಂಖ್ಯೆ' ಹೀಗೆ ಸಾಲಾಗಿ ಬಂದರೆ ಸರ್ಕಾರಿ ಆದೇಶ. ಊರಿನ ಹೆಸರು, ಪಕ್ಕದಲ್ಲಿ ಎರಡು ಚುಕ್ಕೆ, ಆಮೇಲೆ ವಾಕ್ಯ ಶುರುವಾದರೆ ಸುದ್ದಿ. ಬೇಕಾದ ಸಾಮಗ್ರಿ, ಅದರ ಕೆಳಗೆ 1, 2, 3 ಅಂತ ಇದ್ದರೆ ಕೈಪಿಡಿ ಅಥವಾ ಅಡುಗೆ ವಿಧಾನ.

ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಪೆನ್ನಿನಲ್ಲಿ ಬೇಡ. ಇಲ್ಲಿ ಎಲ್ಲರೂ ಮಾಡುವ ತಪ್ಪು ಆಕಾರ ನೋಡಿಯೇ ತೀರ್ಪು ಕೊಡುವುದು. ನಕಲು ಮಾಡಲು ಅತಿ ಸುಲಭವಾದದ್ದು ಆಕಾರವೇ. ಮೋಸದ ಪತ್ರಗಳಲ್ಲೂ ಲಾಂಛನ ದೊಡ್ಡದಾಗಿಯೇ ಇರುತ್ತದೆ.

## ಹಂತ 2: ಯಾರು, ಯಾರಿಗೆ, ಯಾವ ಅಧಿಕಾರದಿಂದ

ಈ ಮೂರು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆಯಿರಿ. ಕಥೆಯಲ್ಲಿ ನಿರೂಪಕ ಯಾರು ಅಂತ ಹುಡುಕುತ್ತೇವೆ, ಅಲ್ವಾ? ಇಲ್ಲಿ ಆ ಪ್ರಶ್ನೆಗೆ ಇನ್ನೂ ಜಾಸ್ತಿ ಬೆಲೆ. ಹೇಳಿದವರಿಗೆ ಹೇಳುವ ಅಧಿಕಾರ ಇಲ್ಲದಿದ್ದರೆ ಹೇಳಿದ್ದಕ್ಕೆ ತೂಕವೇ ಇಲ್ಲ.

ರಾಜ್ಯ ಸರ್ಕಾರದ ಆದೇಶವನ್ನೇ ತೆಗೆದುಕೊಳ್ಳಿ. ಸಹಿ ಹಾಕುವುದು ಸಾಮಾನ್ಯವಾಗಿ ಒಬ್ಬ ಅಧೀನ ಕಾರ್ಯದರ್ಶಿ. ಆದರೆ ಸಹಿಯ ಮೇಲೆ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂಬ ಸಾಲು ಇರುತ್ತದೆ. ಸಂವಿಧಾನದ 166ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರದ ಆಡಳಿತ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕು. ಹಾಗಾಗಿ ಮಾತು ಆ ಅಧಿಕಾರಿಯದಲ್ಲ, ಸರ್ಕಾರದ್ದು. ಮೇಲಿನ ಸಂಖ್ಯೆಯ ಮೊದಲ ಅಕ್ಷರಗಳು ಇಲಾಖೆ ಹೇಳುತ್ತವೆ: 'ಆಇ' ಅಂದರೆ ಆರ್ಥಿಕ ಇಲಾಖೆ, 'ಕಂಇ' ಕಂದಾಯ ಇಲಾಖೆ, 'ಸಿಆಸುಇ' ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ.

'ಯಾರಿಗೆ' ಅನ್ನುವುದಕ್ಕೆ ಕೊನೆಯಲ್ಲಿರುವ 'ಇವರಿಗೆ' ಅಥವಾ 'ಪ್ರತಿ' ಪಟ್ಟಿ ನೋಡಿ. ಜನ ಇದನ್ನು ಓದುವುದೇ ಇಲ್ಲ. ಸುತ್ತೋಲೆ ಸಾಮಾನ್ಯವಾಗಿ ಮೇಲಿನ ಕಚೇರಿ ಕೆಳಗಿನ ಕಚೇರಿಗಳಿಗೆ ಕಳಿಸುವ ಸೂಚನೆ. ಅದರಲ್ಲಿ 'ಕ್ರಮ ಕೈಗೊಳ್ಳಿ' ಅಂತ ಇದ್ದರೆ ಕ್ರಮ ಕೈಗೊಳ್ಳಬೇಕಾದವರು ಆ ಪಟ್ಟಿಯಲ್ಲಿರುವ ಅಧಿಕಾರಿಗಳು. ಶಾಲಾ ಮುಖ್ಯಸ್ಥರಿಗೆ ಬಂದ ಸುತ್ತೋಲೆ ವಾಟ್ಸಾಪ್‌ನಲ್ಲಿ ಪೋಷಕರ ಕೈಗೆ ಸಿಕ್ಕಾಗ ಗೊಂದಲ ಆಗುವುದು ಇದಕ್ಕೇ.

ಪತ್ರಿಕೆಯಲ್ಲಿ ಒಂದೇ ಪುಟದಲ್ಲಿ ಮೂರು ದನಿ ಇರುತ್ತವೆ. ಹೆಸರಿಲ್ಲದ ಸಂಪಾದಕೀಯ ಪತ್ರಿಕೆಯ ನಿಲುವು. ಪಕ್ಕದ ಅಂಕಣ ಅದನ್ನು ಬರೆದವರ ನಿಲುವು. ಕೆಳಗಿನ ಪತ್ರ ಓದುಗರದ್ದು. 'ಪತ್ರಿಕೆಯಲ್ಲಿ ಬಂದಿದೆ' ಅಂತ ಮೂರನ್ನೂ ಒಂದೇ ಮಾಡಿದರೆ ಪರೀಕ್ಷೆಯಲ್ಲೂ ತಪ್ಪು, ಕಟ್ಟೆಯ ಮೇಲಿನ ಚರ್ಚೆಯಲ್ಲೂ ತಪ್ಪು.

## ಹಂತ 3: ಕ್ರಿಯಾಪದಗಳಿಗೆ ಸುತ್ತು ಹಾಕಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜೀವ ಇರುವುದು ಇಲ್ಲೇ. ಕನ್ನಡದಲ್ಲಿ ವಾಕ್ಯದ ಕೊನೆಗೆ ಬರುವ ಕ್ರಿಯಾಪದ ಬರಹದ ಬಗೆಯನ್ನು ಬಿಟ್ಟುಕೊಡುತ್ತದೆ. ಕೆಂಪು ಪೆನ್ನು ತೆಗೆದುಕೊಂಡು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಸುತ್ತು ಹಾಕಿ. ಆಮೇಲೆ ಸುತ್ತು ಹಾಕಿದವನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ.

ಒಂದು ಬಡಾವಣೆಗೆ ಎರಡು ದಿನ ನೀರು ಬರುವುದಿಲ್ಲ ಅನ್ನುವ ವಿಷಯ ಇಟ್ಟುಕೊಳ್ಳೋಣ. ಅದನ್ನೇ ಐದು ಬಗೆಯಲ್ಲಿ ಬರೆದರೆ ಹೀಗಿರುತ್ತದೆ. ಸಾಲುಗಳು ಉದಾಹರಣೆಗೆ ನಾನೇ ಮಾಡಿದ್ದು.

ಪ್ರಕಟಣೆ: "ಕೊಳವೆ ಮಾರ್ಗದ ದುರಸ್ತಿ ಕಾಮಗಾರಿ ಕೈಗೊಂಡಿರುವುದರಿಂದ ದಿನಾಂಕ 12 ಮತ್ತು 13ರಂದು ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ."

ಸುದ್ದಿ: "ನಗರದ ಪೂರ್ವ ಭಾಗದ ಬಡಾವಣೆಗಳಿಗೆ ಎರಡು ದಿನ ನೀರು ಪೂರೈಕೆ ಇರುವುದಿಲ್ಲ ಎಂದು ಅಧಿಕಾರಿಗಳು ಸೋಮವಾರ ತಿಳಿಸಿದರು."

ಓದುಗರ ಪತ್ರ: "ಇದೇ ಪೈಪು ಈ ವರ್ಷ ಮೂರನೇ ಸಲ ಒಡೆದಿದೆ. ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸಲಿ."

ಅಪಾರ್ಟ್‌ಮೆಂಟಿನ ಸೂಚನೆ: "ಇಂದೇ ಬಕೆಟ್ಟು, ಡ್ರಮ್ಮು ತುಂಬಿಸಿಟ್ಟುಕೊಳ್ಳಿ. ಎರಡು ದಿನ ಕಾರು ತೊಳೆಯಬೇಡಿ."

ಜಾಹೀರಾತು: "ನಲ್ಲಿಯಲ್ಲಿ ನೀರಿಲ್ಲವೇ? ಚಿಂತೆ ಬಿಡಿ! ಒಂದೇ ಕರೆ, ಒಂದೇ ಗಂಟೆಯಲ್ಲಿ ಟ್ಯಾಂಕರ್ ನಿಮ್ಮ ಮನೆ ಬಾಗಿಲಿಗೆ.*"

ಪ್ರಕಟಣೆಯಲ್ಲಿ ಕೋರಿದವರು ಯಾರು ಅಂತ ವಾಕ್ಯದಲ್ಲಿ ಇಲ್ಲವೇ ಇಲ್ಲ. 'ಕೋರಲಾಗಿದೆ' ಅಂದರೆ ಸಾಕು. 'ನೀರು ಬರಲ್ಲ' ಅನ್ನುವುದು 'ವ್ಯತ್ಯಯ' ಆಗಿದೆ. ಪೂರ್ತಿ ಬರುವುದಿಲ್ಲವೋ, ಕಡಿಮೆ ಬರುತ್ತದೋ ಅನ್ನುವುದು ಅದರಲ್ಲಿ ಮುಚ್ಚಿಹೋಗಿದೆ. ಸುದ್ದಿಯಲ್ಲಿ ಹೇಳಿದವರು ಇದ್ದಾರೆ, ದಿನ ಇದೆ, ಆದರೆ ವರದಿಗಾರ ಕಾಣುವುದಿಲ್ಲ. ಓದುಗರ ಪತ್ರದಲ್ಲಿ 'ಇನ್ನಾದರೂ' ಅನ್ನುವ ಒಂದು ಪದದಲ್ಲಿ ಸಿಟ್ಟು ಇದೆ. ಸೂಚನೆಯಲ್ಲಿ ಎಲ್ಲ ಕ್ರಿಯಾಪದವೂ ನಿಮ್ಮ ಕಡೆಗೆ ತಿರುಗಿದೆ: ತುಂಬಿಸಿಟ್ಟುಕೊಳ್ಳಿ, ತೊಳೆಯಬೇಡಿ. ಜಾಹೀರಾತು ಪ್ರಶ್ನೆಯಿಂದ ಶುರುವಾಗಿ ಕ್ರಿಯಾಪದವೇ ಇಲ್ಲದೆ ಮುಗಿದಿದೆ. ಟ್ಯಾಂಕರ್ 'ಬರುತ್ತದೆ' ಅಂತ ಎಲ್ಲಿ ಹೇಳಿದ್ದಾರೆ? ಹೇಳಿಲ್ಲ. ಕೊನೆಯಲ್ಲೊಂದು ನಕ್ಷತ್ರ ಬೇರೆ ಇದೆ, ಅಂದರೆ ಷರತ್ತು ಎಲ್ಲೋ ಸಣ್ಣ ಅಕ್ಷರದಲ್ಲಿದೆ.

ಸುತ್ತು ಹಾಕುವಾಗ ಈ ಪದಗಳ ಮೇಲೆ ಕಣ್ಣಿರಲಿ:

- ತಕ್ಕದ್ದು, ಕಡ್ಡಾಯವಾಗಿ: ನಿಮಗೆ ಆಯ್ಕೆ ಇಲ್ಲ. ಕಾನೂನು, ನಿಯಮ, ಕರಾರಿನ ಭಾಷೆ.
- ಬಹುದು: ಅನುಮತಿ ಅಥವಾ ವಿವೇಚನೆ. 'ಅಧಿಕಾರಿಯು ವಿನಾಯಿತಿ ನೀಡಬಹುದು' ಅಂದರೆ ಕೊಡದೆಯೂ ಇರಬಹುದು. ಇದನ್ನು 'ಕೊಡುತ್ತಾರೆ' ಅಂತ ಓದಿಕೊಳ್ಳುವವರೇ ಜಾಸ್ತಿ.
- ಒಳಪಟ್ಟು, ಹೊರತುಪಡಿಸಿ: ಮುಂದೆ ಕೊಟ್ಟದ್ದನ್ನು ಹಿಂದೆ ಕಿತ್ತುಕೊಳ್ಳುವ ಪದಗಳು. ಕಂಡ ಕೂಡಲೇ ಅಡಿಗೆರೆ ಎಳೆಯಿರಿ.
- ಎನ್ನಲಾಗಿದೆ, ಮೂಲಗಳು ತಿಳಿಸಿವೆ: ವರದಿಗಾರರು ಇದನ್ನು ತಮ್ಮ ಮಾತಾಗಿ ಹೇಳುತ್ತಿಲ್ಲ.
- ಕೇವಲ, ಇಂದೇ, ಸೀಮಿತ ಅವಧಿ, ವರೆಗೆ: ಮಾರುವ ಭಾಷೆ. 'ಶೇ 50ರವರೆಗೆ ರಿಯಾಯಿತಿ' ಅಂದರೆ ಒಂದು ಜೊತೆ ಚಪ್ಪಲಿಗೆ ಶೇ 50, ಉಳಿದದ್ದಕ್ಕೆಲ್ಲ ಶೇ 5 ಇದ್ದರೂ ವಾಕ್ಯ ಸುಳ್ಳಲ್ಲ.

## ಹಂತ 4: ಬರಹ ಮಾಡುವ ಕೆಲಸ ನೋಡಿ ಬಗೆ ಬರೆಯಿರಿ

ಈಗ ಪೆನ್ಸಿಲ್‌ನಲ್ಲಿ ಬರೆದದ್ದನ್ನು ಪೆನ್ನಿನಲ್ಲಿ ಬರೆಯಬಹುದು. ಪಠ್ಯಪುಸ್ತಕದ ಉದ್ದ ಪಟ್ಟಿ ಬಾಯಿಪಾಠ ಮಾಡುವ ಬದಲು ಐದು ಕೆಲಸ ನೆನಪಿಟ್ಟುಕೊಳ್ಳಿ.

ತಿಳಿಸುವುದು: ಸುದ್ದಿ, ವರದಿ, ಪ್ರಕಟಣೆ. ಮಾಡಿಸುವುದು: ಕೈಪಿಡಿ, ಅಡುಗೆ ವಿಧಾನ, ಅರ್ಜಿ ತುಂಬುವ ಸೂಚನೆ. ಒಪ್ಪಿಸುವುದು: ಜಾಹೀರಾತು, ಸಂಪಾದಕೀಯ, ಚುನಾವಣಾ ಕರಪತ್ರ. ಕಟ್ಟಿಹಾಕುವುದು: ಕಾಯ್ದೆ, ಆದೇಶ, ಕರಾರು, ವಿಮಾ ಪಾಲಿಸಿ. ದಾಖಲಿಸುವುದು: ಪಹಣಿ, ಸಭೆಯ ನಡವಳಿ, ಹಾಜರಿ ಪುಸ್ತಕ, ಜನನ ಪ್ರಮಾಣಪತ್ರ.

ಒಂದು ಬರಹ ಎರಡು ಕೆಲಸ ಮಾಡಬಹುದು. ನೇಮಕಾತಿ ಅಧಿಸೂಚನೆ ತಿಳಿಸುತ್ತದೆ, ಮಾಡಿಸುತ್ತದೆ, ಷರತ್ತಿಗೆ ಕಟ್ಟಿಯೂ ಹಾಕುತ್ತದೆ. ಆಗ ಕೇಳಬೇಕಾದ್ದು ಒಂದೇ: ಇದನ್ನು ಪಾಲಿಸದಿದ್ದರೆ ಏನಾಗುತ್ತದೆ? ನಷ್ಟ ಅಥವಾ ದಂಡ ಇದ್ದರೆ ಅದನ್ನು 'ಕಟ್ಟಿಹಾಕುವುದು' ಅಂತಲೇ ಹಿಡಿದು ಪ್ರತಿ ಸಾಲನ್ನೂ ಓದಿ.

## ಹಂತ 5: ಮುಖ್ಯ ವಿಷಯ ಕೂತಿರುವ ಜಾಗಕ್ಕೆ ನೇರ ಹೋಗಿ

ಸುದ್ದಿ. ಮೊದಲ ಪ್ಯಾರಾ ಸಾಕು. ಯಾರು, ಏನು, ಎಲ್ಲಿ, ಯಾವಾಗ ಅಲ್ಲೇ ಇರುತ್ತದೆ. ಯಾಕೆ, ಹೇಗೆ ಅನ್ನುವುದು ಮುಂದಿನ ಪ್ಯಾರಾಗಳಲ್ಲಿ. ಜಾಗ ಕಡಿಮೆಯಾದರೆ ಕೊನೆಯಿಂದ ಕತ್ತರಿಸುವ ರೂಢಿ ಇರುವುದರಿಂದ ಮುಖ್ಯವಾದದ್ದನ್ನು ಮೇಲೆ ಇಡುತ್ತಾರೆ. ಶೀರ್ಷಿಕೆಯಲ್ಲಿ ಉದ್ಧರಣ ಚಿಹ್ನೆ ಇದ್ದರೆ ಅದು ಯಾರದೋ ಮಾತು. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಪತ್ರಿಕೆಗೂ ಖಚಿತವಿಲ್ಲ ಅಂತ.

ಸರ್ಕಾರಿ ಆದೇಶ. ಇದು ಉಲ್ಟಾ. ಮೊದಲು ಓದಿದ ಪತ್ರಗಳ ಪಟ್ಟಿ, ಆಮೇಲೆ ಪ್ರಸ್ತಾವನೆಯಲ್ಲಿ ಯಾರು ಏನು ಕೇಳಿದರು ಅನ್ನುವ ಕಥೆ. ಪ್ರಸ್ತಾವನೆಯಲ್ಲಿ ಇರುವುದು ಕೋರಿಕೆ ಮಾತ್ರ. ಒಪ್ಪಿದ್ದು ಏನು ಅನ್ನುವುದು 'ಆದೇಶ ಸಂಖ್ಯೆ' ಅನ್ನುವ ಸಾಲಿನ ಕೆಳಗೆ ಬರುತ್ತದೆ. ಪ್ರಸ್ತಾವನೆಯಲ್ಲಿ ಹತ್ತು ಬೇಡಿಕೆ ಇದ್ದು ಆದೇಶದಲ್ಲಿ ನಾಲ್ಕಕ್ಕೇ ಒಪ್ಪಿಗೆ ಸಿಕ್ಕಿರಬಹುದು. ಜನ ಹತ್ತೂ ಸಿಕ್ಕಿತು ಅಂತ ಸಿಹಿ ಹಂಚಿರುತ್ತಾರೆ.

ಅಧಿಸೂಚನೆ. 'ಕರಡು' ಅನ್ನುವ ಪದ ಇದೆಯಾ ಅಂತ ಮೊದಲು ನೋಡಿ. ಕರಡು ಅಧಿಸೂಚನೆ ನಿಮ್ಮ ಆಕ್ಷೇಪಣೆ, ಸಲಹೆ ಕೇಳುತ್ತಿದೆ, ಇನ್ನೂ ಜಾರಿಯಾಗಿಲ್ಲ. ಆಕ್ಷೇಪಣೆಗೆ ಎಷ್ಟು ದಿನ, ಯಾವ ದಿನದಿಂದ ಎಣಿಕೆ ಅನ್ನುವುದು ಅದರಲ್ಲೇ ಇರುತ್ತದೆ. ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ (ಸರ್ಕಾರದ ಗೆಜೆಟ್‌ನಲ್ಲಿ) ಪ್ರಕಟವಾದ ದಿನದಿಂದ ಎಣಿಸುತ್ತಾರೆ. ಸುದ್ದಿ ಬಂದ ದಿನದಿಂದ ಎಣಿಸಿದರೆ ತಡವಾಗುತ್ತದೆ.

ನೇಮಕಾತಿ ಅಧಿಸೂಚನೆ. ಹುದ್ದೆಗಳ ಸಂಖ್ಯೆ ನೋಡಿ ಖುಷಿಪಡುವುದನ್ನು ಆಮೇಲೆ ಮಾಡಿ. ಮೊದಲು ವಿದ್ಯಾರ್ಹತೆ, ವಯೋಮಿತಿ, ಮತ್ತು ಇವೆರಡನ್ನೂ ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಅನ್ನುವುದನ್ನು ಹುಡುಕಿ. ಆಮೇಲೆ ಪ್ರಮಾಣಪತ್ರಗಳ ನಮೂನೆ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಈಗ ಹಳ್ಳಿಯಲ್ಲಿ ಮನೆ ಇದ್ದರೆ ಸಾಲದು. ಕೊನೆಗೆ ಅದೇ ಸಂಖ್ಯೆಗೆ 'ತಿದ್ದುಪಡಿ' ಅಥವಾ 'ಸೇರ್ಪಡೆ' ಅಧಿಸೂಚನೆ ಬಂದಿದೆಯಾ ನೋಡಿ. ಬಂದಿದ್ದರೆ ಮೊದಲು ಓದಿದ್ದರಲ್ಲಿ ಸ್ವಲ್ಪ ಭಾಗ ಹಳೆಯದಾಗಿದೆ.

ಕ್ರಯಪತ್ರ ಮತ್ತು ಬಾಡಿಗೆ ಕರಾರು. ಕ್ರಯಪತ್ರದಲ್ಲಿ ಮಾತು ಎಷ್ಟೇ ಉದ್ದ ಇರಲಿ, ನೀವು ಕೊಳ್ಳುತ್ತಿರುವುದು ಕೊನೆಯ ಷೆಡ್ಯೂಲಿನಲ್ಲಿ ಬರೆದ ಸ್ವತ್ತನ್ನು. ಸರ್ವೆ ನಂಬರ್ ಅಥವಾ ಸೈಟ್ ನಂಬರ್, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ). ಪೂರ್ವಕ್ಕೆ ಯಾರ ಸ್ವತ್ತು, ಪಶ್ಚಿಮಕ್ಕೆ ರಸ್ತೆಯೋ ಅಲ್ಲವೋ ಅಂತ ಜಾಗದಲ್ಲೇ ನಿಂತು ಹೋಲಿಸಿ. ಬಾಡಿಗೆ ಕರಾರಿನಲ್ಲಿ ಮುಂಗಡ ಹಿಂತಿರುಗಿಸುವ ಷರತ್ತು, ಬಣ್ಣಕ್ಕೆ ಮುರಿದುಕೊಳ್ಳುವ ಮೊತ್ತ, ಮನೆ ಬಿಡಲು ಕೊಡಬೇಕಾದ ನೋಟಿಸಿನ ಅವಧಿ, ಈ ಮೂರು ಮುಖ್ಯ. ಅವಧಿ 11 ತಿಂಗಳು ಅಂತ ಇರುವುದಕ್ಕೆ ಕಾರಣ ಇದೆ: 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ.

ಪೊಟ್ಟಣದ ಲೇಬಲ್. ಒಂದೇ ಪೊಟ್ಟಣದ ಮೇಲೆ ಎರಡು ಬಗೆಯ ಬರಹ ಇರುತ್ತದೆ. ಮುಂದೆ ಜಾಹೀರಾತು, ಹಿಂದೆ ದಾಖಲೆ. ಮುಂದೆ 'ರಾಗಿ' ಅಂತ ದೊಡ್ಡದಾಗಿ ಇದ್ದರೂ ಹಿಂದಿನ ಪದಾರ್ಥಗಳ ಪಟ್ಟಿ ನೋಡಿ. ಆ ಪಟ್ಟಿ ತೂಕದ ಪ್ರಕಾರ ಜಾಸ್ತಿಯಿಂದ ಕಡಿಮೆಗೆ ಇಳಿಯಬೇಕು ಅಂತ ನಿಯಮ. ಮೈದಾ ಮೊದಲು, ಸಕ್ಕರೆ ಎರಡನೆಯದು, ರಾಗಿ ನಾಲ್ಕನೆಯದು ಅಂತಿದ್ದರೆ ಅದು ರಾಗಿ ಹಾಕಿದ ಮೈದಾ ಬಿಸ್ಕತ್ತು. ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೂ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಬರಹ ಅಂದರೆ ಅಕ್ಷರವೇ ಆಗಬೇಕಿಲ್ಲ. ಗೆರೆ, ಬಣ್ಣ, ಹಸಿರು ಚುಕ್ಕೆ ಎಲ್ಲವೂ ಓದಬೇಕಾದವೇ.

ಪಹಣಿ. ಮೇಲೆ ಸರ್ವೆ ನಂಬರ್, ಹಿಸ್ಸಾ (ಆ ನಂಬರಿನ ಉಪಭಾಗ) ನೋಡಿ ನೇರ 9, 10, 11ನೇ ಕಾಲಂಗೆ ಹೋಗಿ. 9ರಲ್ಲಿ ಸ್ವಾಧೀನದಾರರ ಹೆಸರು. 10ರಲ್ಲಿ ಅವರಿಗೆ ಅದು ಹೇಗೆ ಬಂತು ಅನ್ನುವುದು ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆ ಸಮೇತ. 11ರಲ್ಲಿ ಇತರೆ ಹಕ್ಕು ಮತ್ತು ಋಣ. ಜಮೀನು ಕೊಳ್ಳುವವರು 9 ನೋಡಿ ನೆಮ್ಮದಿಯಾಗಿರುತ್ತಾರೆ. ಬ್ಯಾಂಕಿನ ಸಾಲ ಇರುವುದು 11ರಲ್ಲಿ.

## ಹಂತ 6: ಅಂಕಿ ಮತ್ತು ದಿನಾಂಕಗಳನ್ನು ಬೇರೆಯಾಗಿ ಓದಿ

ಇನ್ನೊಂದು ಸುತ್ತು ಓದಿ. ಈ ಸಲ ಅಂಕಿಗಳನ್ನು ಮಾತ್ರ. ಪ್ರತಿ ಅಂಕಿಯ ಪಕ್ಕ ಅದರ ಅಳತೆ ಬರೆಯಿರಿ: ರೂಪಾಯಿ, ದಿನ, ಗ್ರಾಂ, ಗುಂಟೆ.

ಪಹಣಿಯ ಲೆಕ್ಕ ಬಹಳ ಜನರನ್ನು ಕೆಡವುತ್ತದೆ. ವಿಸ್ತೀರ್ಣ 2.30 ಅಂತ ಇದ್ದರೆ 2 ಎಕರೆ 30 ಗುಂಟೆ. ಇನ್ನೊಂದು ತುಂಡು 1.20. ಕ್ಯಾಲ್ಕುಲೇಟರ್‌ನಲ್ಲಿ ಕೂಡಿದರೆ 3.50 ಬರುತ್ತದೆ. ಆದರೆ ಎಕರೆಗೆ 40 ಗುಂಟೆ. ಹಾಗಾಗಿ 50 ಗುಂಟೆ ಅಂದರೆ 1 ಎಕರೆ 10 ಗುಂಟೆ, ಒಟ್ಟು 4 ಎಕರೆ 10 ಗುಂಟೆ. ಆ ಚುಕ್ಕೆ ದಶಮಾಂಶದ್ದಲ್ಲ.

ಲೇಬಲ್‌ನಲ್ಲಿ '100 ಗ್ರಾಂಗೆ' ಮತ್ತು 'ಒಂದು ಸರ್ವಿಂಗ್‌ಗೆ' ಅಂತ ಎರಡು ಲೆಕ್ಕ ಇರಬಹುದು. ಸರ್ವಿಂಗ್ ಅಂದರೆ ಎಷ್ಟು ಅಂತ ಕಂಪನಿಯವರು ಬರೆದಿರುತ್ತಾರೆ, ನಾವು ತಿನ್ನುವುದು ಅದರ ಎರಡರಷ್ಟು ಆಗಿರಬಹುದು. ಎರಡು ಬ್ರ್ಯಾಂಡ್ ಹೋಲಿಸಬೇಕಾದರೆ 100 ಗ್ರಾಂ ಕಾಲಂ ಮಾತ್ರ ನೋಡಿ. ಹಾಗೆಯೇ 'ಬೆಸ್ಟ್ ಬಿಫೋರ್' ದಾಟಿದರೆ ರುಚಿ, ಗುಣ ಕಡಿಮೆಯಾಗಬಹುದು ಅಂತ. 'ಎಕ್ಸ್‌ಪೈರಿ' ದಾಟಿದರೆ ತಿನ್ನಲೇಬಾರದು ಅಂತ.

ದಿನಾಂಕದಲ್ಲಿ ಮೂರು ಬಗೆ: ಹೊರಡಿಸಿದ ದಿನ, ಜಾರಿಗೆ ಬರುವ ದಿನ, ಕೊನೆಯ ದಿನ. ಮೂರನ್ನೂ ಕ್ಯಾಲೆಂಡರ್‌ನಲ್ಲಿ ಗುರುತಿಸಿ.

## ಹಂತ 7: ಏನು ಬಿಟ್ಟಿದ್ದಾರೆ ಅಂತ ಕೇಳಿ

ಜಾಹೀರಾತಿನಲ್ಲಿ ಬೆಲೆ ಇದೆ, ಜಿಎಸ್‌ಟಿ ಸೇರಿದೆಯೋ ಇಲ್ಲವೋ ಇಲ್ಲ. ಸುದ್ದಿಯಲ್ಲಿ ಆರೋಪ ಇದೆ, ಆರೋಪ ಹೊತ್ತವರ ಪ್ರತಿಕ್ರಿಯೆ ಇಲ್ಲ. ವರದಿಯಲ್ಲಿ 'ಶೇ 80ರಷ್ಟು ಜನ ಮೆಚ್ಚಿದ್ದಾರೆ' ಅಂತಿದೆ, ಎಷ್ಟು ಜನರನ್ನು ಕೇಳಿದರು ಅಂತ ಇಲ್ಲ. ಕರಾರಿನಲ್ಲಿ ನೀವು ತಪ್ಪಿದರೆ ದಂಡ ಇದೆ, ಅವರು ತಪ್ಪಿದರೆ ಏನು ಅಂತ ಇಲ್ಲ. ಬಗೆ ಗೊತ್ತಿದ್ದರೆ ಆ ಬಗೆಯಲ್ಲಿ ಏನಿರಬೇಕಿತ್ತು ಅಂತ ಗೊತ್ತಿರುತ್ತದೆ. ಆಗ ಇಲ್ಲದ್ದು ಕಣ್ಣಿಗೆ ಬೀಳುತ್ತದೆ.

## ಹಂತ 8: ವೇಷ ಹಾಕಿದ ಬರಹ ಹಿಡಿಯಿರಿ

ಕೆಲವು ಬರಹ ಇನ್ನೊಂದು ಬಗೆಯ ವೇಷದಲ್ಲಿ ಬರುತ್ತವೆ. ಸುದ್ದಿಯ ಹಾಗೆ ಕಾಲಂ, ಶೀರ್ಷಿಕೆ, ಫೋಟೊ ಇರುವ ಬರಹದ ಮೂಲೆಯಲ್ಲಿ 'ಜಾಹೀರಾತು' ಅಥವಾ 'ಅಡ್ವಟೋರಿಯಲ್' ಅಂತ ಸಣ್ಣದಾಗಿ ಇರುತ್ತದೆ. ಆ ಪದ ಕಾಣದಿದ್ದರೂ ಪತ್ತೆ ಮಾಡಬಹುದು. ಒಂದೇ ಸಂಸ್ಥೆಯ ಹೊಗಳಿಕೆ, ಬೇರೆ ಯಾರ ಮಾತೂ ಇಲ್ಲ, ಕೊನೆಗೆ ಫೋನ್ ನಂಬರ್. ಸುದ್ದಿಯಲ್ಲಿ ಫೋನ್ ನಂಬರ್‌ಗೆ ಅಷ್ಟಾಗಿ ಕೆಲಸ ಇರುವುದಿಲ್ಲ.

ಅಪಾಯ ಜಾಸ್ತಿ ಇರುವುದು ಸರ್ಕಾರಿ ವೇಷದಲ್ಲಿ. ಇವು ಕಂಡರೆ ಅಲ್ಲೇ ನಿಲ್ಲಿ:

- ಲಾಂಛನ ಇದೆ, ಆದರೆ ಸಂಖ್ಯೆ ಇಲ್ಲ, ದಿನಾಂಕ ಇಲ್ಲ, ಸಹಿ ಮಾಡಿದವರ ಹುದ್ದೆ ಇಲ್ಲ.
- 'ಎಲ್ಲ ಗ್ರೂಪ್‌ಗಳಿಗೂ ಕಳಿಸಿ' ಅಂತ ಇದೆ. ಯಾವ ಇಲಾಖೆಯೂ ಆದೇಶದಲ್ಲಿ ಹಾಗೆ ಬರೆಯುವುದಿಲ್ಲ.
- 'ಇಂದು ರಾತ್ರಿ ನಿಮ್ಮ ವಿದ್ಯುತ್ ಸಂಪರ್ಕ ಕಡಿತವಾಗಲಿದೆ, ಕೂಡಲೇ ಈ ನಂಬರ್‌ಗೆ ಕರೆ ಮಾಡಿ' ಅಂತ ಯಾವುದೋ ಮೊಬೈಲ್ ನಂಬರ್‌ನಿಂದ ಬಂದಿದೆ.
- 'ಡಿಜಿಟಲ್ ಅರೆಸ್ಟ್' (ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಅನ್ನುವ ಬೆದರಿಕೆ) ಅನ್ನುವ ಪದ ಇದೆ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ.
- ಆದೇಶದ ಭಾಷೆಯ ಮಧ್ಯೆ ಆಶ್ಚರ್ಯಸೂಚಕ ಚಿಹ್ನೆ, ಕೆಂಪು ಅಕ್ಷರ, ಲಿಂಕ್. ಇದು ಜಾಹೀರಾತಿನ ಲಕ್ಷಣ, ಆದೇಶದ್ದಲ್ಲ.

ಇಲ್ಲಿ ಮೂರನೇ ಹಂತ ಕೈ ಹಿಡಿಯುತ್ತದೆ. ನಿಜವಾದ ಆದೇಶ ತಣ್ಣಗಿರುತ್ತದೆ. ಅದಕ್ಕೆ ನಿಮ್ಮನ್ನು ಹೆದರಿಸುವ ಅಗತ್ಯ ಇಲ್ಲ, 'ತಕ್ಕದ್ದು' ಅಂದರೆ ಮುಗಿಯಿತು. ನಂಬಿ ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

## ಹಂತ 9: ಪರೀಕ್ಷೆಯಲ್ಲಿ ಬರೆಯುವಾಗ

ಲಕ್ಷಣ ಹೇಳಿ ಬಿಟ್ಟರೆ ಅಂಕ ಬರುವುದಿಲ್ಲ. ಲಕ್ಷಣ, ಅದಕ್ಕೆ ಬರಹದಿಂದ ಸಾಕ್ಷಿ, ಆ ಲಕ್ಷಣ ಮಾಡುವ ಕೆಲಸ, ಈ ಮೂರೂ ಜೊತೆಯಲ್ಲಿ ಬರಬೇಕು.

ಸಾಕಾಗದ ಉತ್ತರ: "ಇದು ಪ್ರಕಟಣೆ. ಭಾಷೆ ಔಪಚಾರಿಕವಾಗಿದೆ. ವಸ್ತುನಿಷ್ಠವಾಗಿದೆ."

ಸಾಕಾಗುವ ಉತ್ತರ: "ಇದು ಸಾರ್ವಜನಿಕ ಪ್ರಕಟಣೆ. 'ಕೋರಲಾಗಿದೆ' ಎಂಬ ಕರ್ಮಣಿ ಪ್ರಯೋಗದಲ್ಲಿ ಕೋರಿದವರು ಯಾರೆಂದು ಹೇಳಿಲ್ಲ. ಇದರಿಂದ ಮಾತು ಒಬ್ಬ ವ್ಯಕ್ತಿಯದಾಗದೆ ಕಚೇರಿಯದಾಗುತ್ತದೆ. 'ವ್ಯತ್ಯಯ' ಎಂಬ ಪದ ತೊಂದರೆಯ ತೀವ್ರತೆಯನ್ನು ಕಡಿಮೆ ಮಾಡಿ ತೋರಿಸುತ್ತದೆ."

'ಎಲ್ಲ ಸಾಹಿತ್ಯೇತರ ಬರಹವೂ ವಸ್ತುನಿಷ್ಠ' ಅನ್ನುವ ವಾಕ್ಯವನ್ನು ಬರೆಯಲೇಬೇಡಿ. ಜಾಹೀರಾತು, ಸಂಪಾದಕೀಯ, ಕರಪತ್ರ ಇವೂ ಸಾಹಿತ್ಯೇತರವೇ. 'ಅಲಂಕಾರ ಇರುವುದಿಲ್ಲ' ಅನ್ನುವುದೂ ತಪ್ಪು. ಪ್ರಾಸ ಇಲ್ಲದ ಸೋಪಿನ ಜಾಹೀರಾತು ನೋಡಿದ್ದೀರಾ?

## ಹಂತ 10: ಬಗೆ ಬದಲಿಸಿ ಬರೆದು ನೋಡಿ

ನಿಜವಾಗಿ ಅರ್ಥವಾಗಿದೆಯಾ ಅಂತ ತಿಳಿಯಲು ಒಂದು ಬಗೆಯನ್ನು ಇನ್ನೊಂದಕ್ಕೆ ತಿರುಗಿಸಿ. ನೀರಿನ ಪ್ರಕಟಣೆಯನ್ನು ಸುದ್ದಿ ಮಾಡಿ. ಔಷಧಿಯ ಸೂಚನೆಯನ್ನು ಅಜ್ಜಿಗೆ ಹೇಳುವ ಮಾತಾಗಿ ಮಾಡಿ. ತುಂಬ ಉಪಯೋಗಕ್ಕೆ ಬರುವ ಅಭ್ಯಾಸ ಅಂದರೆ ದೂರನ್ನು ಮಾಹಿತಿ ಹಕ್ಕಿನ ಅರ್ಜಿಯಾಗಿ ಬರೆಯುವುದು.

ದೂರು ಹೀಗಿರುತ್ತದೆ: "ನಮ್ಮ ಬೀದಿಯ ರಸ್ತೆ ಯಾಕೆ ಇನ್ನೂ ಆಗಿಲ್ಲ? ದುಡ್ಡೆಲ್ಲ ಎಲ್ಲಿಗೆ ಹೋಯಿತು?" 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದಾದ್ದು ಕಚೇರಿಯಲ್ಲಿ ಇರುವ ದಾಖಲೆಯನ್ನು. 'ಯಾಕೆ' ಅಂತ ಕೇಳಿದರೆ 'ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಅಂತ ಹಿಂದಕ್ಕೆ ಕಳಿಸಲು ಅವಕಾಶ ಕೊಟ್ಟ ಹಾಗೆ. ಸಿಟ್ಟು ತೆಗೆದು, ಪ್ರಶ್ನಾರ್ಥಕ ಚಿಹ್ನೆ ತೆಗೆದು, ದಾಖಲೆಗಳ ಹೆಸರು ಹಾಕಿ ಬರೆಯಿರಿ: "ಸದರಿ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿಗಳನ್ನು ಒದಗಿಸಿ." ಯಾವ ರಸ್ತೆ, ಯಾವ ವರ್ಷದ ಕಾಮಗಾರಿ ಅನ್ನುವುದನ್ನು ಮೇಲೆ ವಿಷಯದ ಸಾಲಿನಲ್ಲಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ಕೈಯಲ್ಲಿ ಇರಲಿ, ಎಣಿಕೆ ಶುರುವಾಗುವುದು ಆ ದಿನಾಂಕದಿಂದ.